ರೊಕ್ಕದ ಮಾತು: ಕಲಬುರಗಿ ಕಡೆಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕದ ಪುಸ್ತಕ ಬರೆಯುವವಳು. ವಾರಕ್ಕೊಮ್ಮೆ ಸಭೆ. ಉಳಿತಾಯ ಎಣಿಸಿ, ಕಂತು ಬರೆದು, ಪುಸ್ತಕ ಮುಚ್ಚಿದ ಮೇಲೆ ಒಬ್ಬಿಬ್ಬರು ಹಿಂದೆ ಉಳಿಯುತ್ತಾರೆ. ಚಪ್ಪಲಿ ಹುಡುಕುವ ನೆವ ಮಾಡಿ ನಿಂತು, "ಅಕ್ಕಾ, ಒಂದ್ ಮಾತ್ ಕೇಳ್ತೀನಿ, ಯಾರಿಗೂ ಹೇಳಬ್ಯಾಡ್ರಿ" ಅನ್ನುತ್ತಾರೆ. ಆ ಒಂದು ಮಾತು ಹೆಚ್ಚಾಗಿ ರೊಕ್ಕದ್ದೇ ಇರುತ್ತದೆ. ಹಾಗೆ ಕೇಳಿದ ಪ್ರಶ್ನೆಗಳು ಇವು. ಉತ್ತರದಲ್ಲಿ ಒಂದಿಷ್ಟು ನಿಯಮ ಓದಿ ತಿಳಿದದ್ದು, ಇನ್ನೊಂದಿಷ್ಟು ಪೆಟ್ಟು ತಿಂದು ಕಲಿತದ್ದು.

ಮನೆಯಲ್ಲಿ ರೊಕ್ಕದ ವಿಷಯ ಎತ್ತಿದರೆ ಸಾಕು, ಜಗಳ. ಯಾಕೆ ಹೀಗೆ?

ನಾವು ಆ ಮಾತು ಎತ್ತುವುದೇ ರೊಕ್ಕ ಮುಗಿದ ದಿನ. ಫೀ ಕಟ್ಟುವ ಕೊನೆಯ ದಿನ, ಕಂತಿನವರು ಬಾಗಿಲಿಗೆ ಬಂದ ದಿನ, ಸಿಲಿಂಡರ್ ಖಾಲಿಯಾದ ದಿನ. ಆ ಹೊತ್ತಿನಲ್ಲಿ ಯಾರು ಬಾಯಿ ತೆರೆದರೂ ದೂರು ಹೇಳಿದ ಹಾಗೇ ಕೇಳುತ್ತದೆ.

ಇನ್ನೊಂದು ಕಾರಣ, ನಾವು ಅಂಕಿ ಹೇಳುವುದಿಲ್ಲ. "ಸ್ವಲ್ಪ ಸಾಲ ಅದ", "ನಡದದ ಹೆಂಗೋ", "ನೋಡೋಣಂತ". ಸ್ವಲ್ಪ ಅಂದರೆ ಎಷ್ಟು? ಐದು ಸಾವಿರವೂ ಸ್ವಲ್ಪ, ಎರಡು ಲಕ್ಷವೂ ಸ್ವಲ್ಪ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಮುತ್ಯಾ ದಿನಾ ಹೇಳುತ್ತಿದ್ದ. ಹಾಸಿಗೆ ಎಷ್ಟುದ್ದ ಇದೆ ಅಂತ ಮಾತ್ರ ಒಂದು ದಿನವೂ ಹೇಳಲಿಲ್ಲ. ಆಯಿಗೂ ಗೊತ್ತಿರಲಿಲ್ಲ.

ಸಾಲ ಮಾಡಿಕೊಂಡಿದ್ದೇನೆ, ಗಂಡನಿಗೆ ಗೊತ್ತಿಲ್ಲ. ಹೇಗೆ ಹೇಳಲಿ?

ನನ್ನ ಕತೆಯನ್ನೇ ಹೇಳುತ್ತೇನೆ. ಸಂಬಂಧಿಕರೊಬ್ಬರು ಒಂದು ಸೊಸೈಟಿಯಲ್ಲಿ 80,000 ರೂಪಾಯಿ ಸಾಲ ತೆಗೆದಾಗ ನಾನು ಜಾಮೀನು ಹಾಕಿದ್ದೆ. "ಸುಮ್ನೆ ಒಂದ್ ಸಹಿ ಅಷ್ಟ ವೈನಿ" ಅಂದಿದ್ದರು. ಕೆಲವು ಕಂತು ಕಟ್ಟಿ ನಿಲ್ಲಿಸಿಬಿಟ್ಟರು. ನೋಟಿಸು ನನ್ನ ಹೆಸರಿಗೆ ಬಂತು. ಅದನ್ನು ಮಡಚಿ ಜೋಳದ ಡಬ್ಬಿಯ ತಳಕ್ಕೆ ಸೇರಿಸಿದೆ. ಏಳು ತಿಂಗಳು ಸಂತೆಯ ರೊಕ್ಕದಲ್ಲಿ ಉಳಿಸಿ ಉಳಿಸಿ ಕಟ್ಟಿದೆ, ಮನೆಯಲ್ಲಿ ಉಸಿರೆತ್ತಲಿಲ್ಲ. ಡಬ್ಬಿಯಲ್ಲಿ ಜೋಳ ಕಡಿಮೆಯಾದ ಹಾಗೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ಕೊನೆಗೆ ಒಂದು ಸಂಜೆ ರೊಟ್ಟಿ ಬಡಿಯುತ್ತಾ ಹೇಳಿದೆ. ಕೈಗೆ ಕೆಲಸ ಇದ್ದರೆ ಮುಖ ನೋಡಬೇಕಾಗಿಲ್ಲ, ಅಲ್ವಾ? ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆ ಸವರುತ್ತಾ, "52,000 ಬಾಕಿ ಅದ" ಅಂದೆ. ಅವರು ಮಾತಾಡಲಿಲ್ಲ. ತಿರುವಿ ಹಾಕುವುದು ಮರೆತು ರೊಟ್ಟಿ ಕರಿಯಾಯಿತು. ಆಮೇಲೆ "ಬಡ್ಡಿ ಎಷ್ಟದ?" ಅಂತ ಕೇಳಿದರು. ಬೈಸಿಕೊಳ್ಳಲು ತಯಾರಾಗಿ ಕುಳಿತಿದ್ದೆ. ಬಡ್ಡಿ ಎಷ್ಟು ಅಂತ ಮಾತ್ರ ನನಗೇ ಗೊತ್ತಿರಲಿಲ್ಲ! ಊಟ ಮುಗಿಯುವಷ್ಟರಲ್ಲಿ ಅವರೂ ಬಾಯಿ ಬಿಟ್ಟರು. ಗೆಳೆಯರೊಬ್ಬರ ಹತ್ತಿರ 20,000 ಕೈಗಡ, ಎರಡು ವರ್ಷದಿಂದ. ನನ್ನದಕ್ಕಿಂತ ಹಳೇ ಗುಟ್ಟು.

ಎಲ್ಲರ ಗಂಡನೂ ಹೀಗೇ ಇರುತ್ತಾನೆ ಅಂತ ಹೇಳುವುದಿಲ್ಲ. ಆದರೂ ಕೆಲವು ವಿಷಯ ಎಲ್ಲ ಕಡೆ ನಡೆಯುತ್ತದೆ. ಕಂತು ಕಟ್ಟುವ ದಿನ, ಕುಡಿದು ಬಂದ ದಿನ, ಬೀಗರು ಮನೆಯಲ್ಲಿರುವ ದಿನ ಬೇಡ. ನಿಮ್ಮ ತಪ್ಪಿನಿಂದ ಶುರು ಮಾಡಿ. "ನೀವು ಎಲ್ಲಿ ಖರ್ಚ್ ಮಾಡಿದ್ರಿ" ಅಂತ ಬಾಯಿ ತೆರೆದರೆ ಮಾತು ಅಲ್ಲಿಗೇ ಮುಗಿಯಿತು. ಮತ್ತೆ, ಪೂರ್ತಿ ಅಂಕಿ ಒಂದೇ ಸಲ ಹೇಳಿ. ಇವತ್ತು ಇಪ್ಪತ್ತು ಸಾವಿರ ಅಂದು ಮುಂದಿನ ತಿಂಗಳು ಐವತ್ತು ಅಂದರೆ, ಸಾಲಕ್ಕಿಂತ ಆ ಮೂವತ್ತರ ಸುಳ್ಳೇ ದೊಡ್ಡದಾಗುತ್ತದೆ.

ಹೇಳಿದ ಮೇಲೆ ಏನು ಮಾಡಬೇಕು?

ಬರೆಯಬೇಕು. ನಾವು ಗೋಡೆಯ ಹಳೇ ಕ್ಯಾಲೆಂಡರ್ ಹರಿದು ಹಿಂದಿನ ಖಾಲಿ ಪುಟದಲ್ಲಿ ಬರೆದೆವು. ಯಾರಿಗೆ ಕೊಡಬೇಕು, ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಖು. ಬ್ಯಾಂಕಿನ ಸಾಲವನ್ನು ಎಲ್ಲರೂ ಬರೆಯುತ್ತಾರೆ. ಮರೆಯುವುದು ಸಣ್ಣವನ್ನು: ಕಿರಾಣಿ ಅಂಗಡಿಯ ಉದ್ರಿ, ಅಡತಿಯವರ ಹತ್ತಿರ ತಂದ ಮುಂಗಡ, ಅಡ ಇಟ್ಟ ಬೋರಮಾಳ, ಎತ್ತಿಯಾಗಿದ್ದರೂ ಇನ್ನೂ ಕಟ್ಟಬೇಕಾದ ಚೀಟಿ. ನಿಮಗೆ ಬರಬೇಕಾದದ್ದನ್ನೂ ಬರೆಯಿರಿ. ಬರುವ ಭರವಸೆ ಇಲ್ಲದಿದ್ದರೆ ಪಕ್ಕದಲ್ಲಿ ಒಂದು ಸೊನ್ನೆ ಹಾಕಿ.

ಅತ್ತೆ, ಮಾವ ಇರುವ ಮನೆ. ಸೊಸೆ ಲೆಕ್ಕ ಕೇಳಿದರೆ ತಪ್ಪಾಗಲ್ವಾ?

ಬಸವಕಲ್ಯಾಣ ನಮ್ಮ ಬೀದರ ಜಿಲ್ಲೆಯಲ್ಲೇ ಇದೆ. ಅಲ್ಲಿ 12ನೇ ಶತಮಾನದಲ್ಲಿದ್ದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕತೆ ಕೇಳದವರು ಯಾರು? ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಮನೆ ಅದು. ಒಂದು ದಿನ ಮಾರಯ್ಯ ದಿನದ್ದಕ್ಕಿಂತ ಜಾಸ್ತಿ ಅಕ್ಕಿ ತಂದ. ಇಷ್ಟು ಯಾಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳಂತೆ. ಗಂಡ ತಂದದ್ದಕ್ಕೆ ಲೆಕ್ಕ ಕೇಳಿದವಳು. ಪ್ರವಚನದಲ್ಲಿ ಈ ಕತೆಗೆ ತಲೆದೂಗುವ ಹಿರಿಯರೇ ಮನೆಗೆ ಬಂದು "ನಿನಗ್ಯಾಕ ಬೇಕು ಅದೆಲ್ಲ" ಅನ್ನುತ್ತಾರೆ. ಇರಲಿ.

ಹಿಂದಿನದನ್ನು ಕೆದಕಿದರೆ ಹಿರಿಯರಿಗೆ ಅವಮಾನ ಅನ್ನಿಸುತ್ತದೆ. ಮುಂದಿನದನ್ನು ಕೇಳಿ. "ಈ ಸಲ ಬಿತ್ತನಿಗಿ ಎಷ್ಟ್ ಬೇಕಾಗ್ತದ್ರಿ ಮಾವಾ? ಸಂಘದಾಗ ಸಾಲ ಕೇಳ್ಲೇನು?" ಅಂದರೆ ಮಾವನೇ ಕುಳಿತು ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಎಣಿಸುತ್ತಾರೆ. ನಿಮಗೆ ಬೇಕಾದ ಅರ್ಧ ಲೆಕ್ಕ ಅದರಲ್ಲೇ ಸಿಗುತ್ತದೆ.

ತಿಂಗಳ ಸಂಬಳ ಇರುವವರಿಗೆ ಬಜೆಟ್ ಸರಿ. ನಮಗೆ ತೊಗರಿ ಬಂದಾಗ ಮಾತ್ರ ರೊಕ್ಕ. ನಾವು ಏನು ಮಾಡಬೇಕು?

ನಮ್ಮ ಕಡೆಯ ನಿಜವಾದ ಪ್ರಶ್ನೆ ಇದು. ಊರಿನ ಹೊರಗಿನಿಂದ ಬಂದು ಪಾಠ ಹೇಳುವವರು ಸಂಬಳದಲ್ಲಿ ಇಷ್ಟು ಪಾಲು ಉಳಿಸಿ ಅನ್ನುತ್ತಾರೆ. ಎಲ್ಲಿಯ ಸಂಬಳ?

ನಮ್ಮ ವರ್ಷ ಹೇಗೆ ಓಡುತ್ತದೆ ನೋಡಿ. ಜೂನ್, ಜುಲೈನಲ್ಲಿ ಬಿತ್ತನೆ. ಡಿಸೆಂಬರ್, ಜನವರಿಯಲ್ಲಿ ರಾಶಿ. ಮಾಲು ಗಂಜಿಗೆ, ಅಂದರೆ ಮಾರುಕಟ್ಟೆಗೆ ಹೋಗಿ ರೊಕ್ಕ ಕೈಗೆ ಬರುವಷ್ಟರಲ್ಲಿ ಶರಣಬಸವೇಶ್ವರ ಜಾತ್ರೆ ಹತ್ತಿರ. ಅದಾದ ಮೇಲೆ ಮದುವೆಗಳು, ಆಯೇರಿ, ಬಟ್ಟೆ. ಮೇ ತಿಂಗಳಲ್ಲಿ ಶಾಲೆಯ ಫೀ. ಜೂನ್ ಬರುವಾಗ ಬೀಜಕ್ಕೆ ರೊಕ್ಕ ಇಲ್ಲ, ಮತ್ತೆ ಸಾವ್ಕಾರರ ಮನೆ. ಯಾರೂ ದುಂದು ಮಾಡಿರುವುದಿಲ್ಲ. ರೊಕ್ಕ ಬರುವ ತಿಂಗಳು ಒಂದು, ಬೇಕಾಗುವ ತಿಂಗಳು ಹನ್ನೆರಡು.

ಒಂದು ಉದಾಹರಣೆ ಹಾಕೋಣ. ತೊಗರಿ ಮಾರಿ ಕೈಗೆ 1,80,000 ರೂಪಾಯಿ ಬಂತು ಅಂದುಕೊಳ್ಳಿ. ಅದರಲ್ಲಿ ಬೆಳೆ ಸಾಲ 60,000. ಮುಂದಿನ ಬಿತ್ತನೆಗೆ 35,000. ಮಕ್ಕಳ ಫೀ 13,000. ಉಳಿದದ್ದು 72,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 6,000. ಮನೆಯವರ ತಲೆಯಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಓಡಾಡುತ್ತಿರುತ್ತದೆ, ಕೈಯಲ್ಲಿ ಇರುವುದು ಆರು ಸಾವಿರ. ಒಂದು ಮನೆಯಲ್ಲಿ ಇದೇ ತರಹ ಭಾಗಿಸಿ ತೋರಿಸಿದಾಗ ಮನೆಯ ಯಜಮಾನ ಎರಡು ಸಲ ಮೊಬೈಲಿನಲ್ಲಿ ಲೆಕ್ಕ ಮಾಡಿ ನೋಡಿದರು. ಬೈಕ್ ತೆಗೆದುಕೊಳ್ಳುವ ಮಾತು ಆ ವರ್ಷ ಬರಲಿಲ್ಲ.

ಮಾಡಬೇಕಾದದ್ದು ಇಷ್ಟು. ರೊಕ್ಕ ಬಂದ ವಾರವೇ ಬಿತ್ತನೆಯ ಪಾಲನ್ನು ಬೇರೆ ಖಾತೆಗೆ ಹಾಕಿ, ಅದರ ಎಟಿಎಂ ಕಾರ್ಡ್ ಅವ್ವನ ಟ್ರಂಕಿನಲ್ಲಿಡಿ. ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, ಆದರೆ ಅದು ಸಮಯಕ್ಕೆ ಕಟ್ಟಿದವರಿಗೆ ಮಾತ್ರ. ಗಡುವು ತಪ್ಪಿದರೆ ಆ ಲಾಭ ಕೈಬಿಡುತ್ತದೆ. ಇನ್ನು 2022ರಲ್ಲಿ ನೆಟೆ ರೋಗ ಬಂದು ನಿಂತ ತೊಗರಿ ಹಾಗೇ ಒಣಗಿತಲ್ಲ, ಅಂಥ ವರ್ಷಕ್ಕೆ ಈ ಲೆಕ್ಕ ಸಾಲುವುದಿಲ್ಲ. ಅದಕ್ಕೇ ಬೆಳೆ ವಿಮೆಯ ಕೊನೆಯ ದಿನಾಂಕವನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ.

ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕಡಿಮೆ ಅಲ್ವಾ?

ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ ಮೂವತ್ತಾರು. 50,000 ತಂದರೆ ತಿಂಗಳಿಗೆ 1,500, ವರ್ಷಕ್ಕೆ 18,000 ಬಡ್ಡಿ, ಅಸಲು ಅಲ್ಲೇ ಇರುತ್ತದೆ. ಬ್ಯಾಂಕಿನವರು ಹೇಳುವುದು ವರ್ಷದ ಬಡ್ಡಿ, ಸಾವ್ಕಾರರು ಹೇಳುವುದು ತಿಂಗಳದ್ದು. ಬ್ಯಾಂಕಿನ ಹನ್ನೆರಡು ಸಾವ್ಕಾರರ ಮೂರಕ್ಕಿಂತ ದೊಡ್ಡದು ಅಂತ ಬ್ಯಾಂಕಿಗೆ ಹೆದರಿ ಸಾವ್ಕಾರರ ಹತ್ತಿರ ಹೋದವರನ್ನು ನಾನೇ ನೋಡಿದ್ದೇನೆ. ಯಾರೇ ಸಾಲ ಕೊಡಲಿ, ಒಂದೇ ಪ್ರಶ್ನೆ ಕೇಳಿ: "ಕೈಗೆ ಎಷ್ಟ್ ಕೊಡ್ತೀರಿ, ಒಟ್ಟು ಎಷ್ಟ್ ವಾಪಸ್ ಕಟ್ಬೇಕು?"

ಮೂರು ನಾಲ್ಕು ಫೈನಾನ್ಸ್ ಸಾಲ ಇದೆ. ಕಂತು ತಪ್ಪಿದರೆ ಮನೆ ಮುಂದೆ ಬಂದು ಕೂರುತ್ತಾರೆ. ಊರಲ್ಲಿ ಮಾನ ಹೋಗುತ್ತಿದೆ.

ಮೊದಲು ಒಂದು ವ್ಯತ್ಯಾಸ. ನಮ್ಮ ಸಂಘದ ಸಾಲ ನಮ್ಮದೇ ಉಳಿತಾಯ ಮತ್ತು ಅದರ ಮೇಲೆ ಬ್ಯಾಂಕ್ ಕೊಟ್ಟದ್ದು, ಬಡ್ಡಿ ಎಷ್ಟು ಅಂತ ನಾವೇ ಕುಳಿತು ಠರಾವು ಮಾಡುತ್ತೇವೆ. ಫೈನಾನ್ಸ್‌ನವರು ಹತ್ತು ಹೆಂಗಸರನ್ನು ಕೂರಿಸಿ ಕೊಡುವುದು ಕಂಪನಿಯ ಸಾಲ. ಜನ ಎರಡಕ್ಕೂ "ಸಂಘದ ಸಾಲ" ಅನ್ನುತ್ತಾರೆ. ಗೊಂದಲ ಇಲ್ಲಿಂದಲೇ ಶುರು.

ಕಂಪನಿ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಮನೆಗೆ ಕೊಡುವ ಈ ಸಾಲಕ್ಕೆ ಯಾವುದನ್ನೂ ಅಡ ಇಡಿಸಿಕೊಳ್ಳುವಂತಿಲ್ಲ. ಆ ಮನೆಯ ಎಲ್ಲ ಸಾಲದ ಕಂತು ಸೇರಿದರೂ ತಿಂಗಳ ಆದಾಯದ ಅರ್ಧ ದಾಟಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವುದು, ಬೆದರಿಸುವುದು, ಸಂಬಂಧಿಕರಿಗೆ ಕಾಟ ಕೊಡುವುದು ನಿಷಿದ್ಧ. ವಸೂಲಿಯ ಜಾಗ ಇಬ್ಬರೂ ಸೇರಿ ಗೊತ್ತು ಮಾಡಿದ್ದಿರಬೇಕು. ನೀವು ಸತತ ಎರಡು ಸಲ ಅಲ್ಲಿಗೆ ಬರದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಸಾಲದ ಕಾರ್ಡ್ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡದ ಕಾರ್ಡ್ ಕೇಳಿ ತೆಗೆದುಕೊಳ್ಳಿ.

ನೋಂದಣಿಯೇ ಇಲ್ಲದೆ ಸಾಲ ಕೊಟ್ಟು ಪೀಡಿಸುವವರಿಗಾಗಿ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಹಾಕಬಹುದು. ಬೆದರಿಕೆ ಬಂದರೆ ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ, ಸಂಘದ ನಾಲ್ಕು ಜನ ಸೇರಿ ಹೋಗಿ.

ನೋಂದಣಿ ಇರುವ ಕಂಪನಿಯ ಸಾಲ ಇದರಿಂದ ಮನ್ನಾ ಆಗುವುದಿಲ್ಲ, ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ. ಒಂದು ತೀರಿಸಲು ಇನ್ನೊಂದು ತೆಗೆಯುವುದನ್ನು ಮೊದಲು ನಿಲ್ಲಿಸಿ. ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ "ಈ ತಿಂಗಳು ಇಷ್ಟೇ ಆಗ್ತದ" ಅಂತ ಬರೆದುಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಹೇಳದೆ ತಪ್ಪಿಸಿಕೊಂಡರೆ ಅವರು ಬಾಗಿಲಿಗೆ ಬರುತ್ತಾರೆ.

ಕೈಗಡ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ?

"ಮನ್ಯಾಗ ಕೇಳಿ ಹೇಳ್ತೀನಿ" ಅನ್ನಿ. ಸುಳ್ಳಲ್ಲ, ಕೇಳಿಯೇ ಹೇಳಿ. ಕೊಡುವುದಾದರೆ ವಾಪಸ್ ಬರದಿದ್ದರೂ ಮಾತು ಬಿಡದಷ್ಟು ಮಾತ್ರ ಕೊಡಿ. ಐದು ಸಾವಿರ ಕೇಳಿದವರಿಗೆ ಸಾವಿರ ಕೊಟ್ಟು, ಇದು ಸಾಲವಲ್ಲ ಅಂದರೂ ನಡೆಯುತ್ತದೆ.

ಜಾಮೀನು ಬೇರೆಯೇ. 1872ರ ಒಪ್ಪಂದ ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಅವರು ಕಟ್ಟದಿದ್ದರೆ ಪೂರ್ತಿ ನಿಮ್ಮದು. ಈ ಸಾಲನ್ನು ಯಾರಾದರೂ ಸಹಿಗೆ ಮೊದಲು ನನಗೆ ಓದಿ ಹೇಳಿದ್ದರೆ ಜೋಳದ ಡಬ್ಬಿಯ ಪ್ರಸಂಗವೇ ಇರುತ್ತಿರಲಿಲ್ಲ.

ಗೃಹಲಕ್ಷ್ಮಿಯ 2,000 ನನ್ನದಾ, ಮನೆಯದಾ?

2023ರ ಆಗಸ್ಟ್‌ನಲ್ಲಿ ಶುರುವಾದಾಗಿನಿಂದ ಈ ಪ್ರಶ್ನೆ ಪ್ರತಿ ಸಭೆಯಲ್ಲಿ ಬರುತ್ತದೆ. ಬರುವುದು ಮನೆಯ ಯಜಮಾನಿಯ ಖಾತೆಗೆ. ಮನೆಗೆ ಖರ್ಚು ಮಾಡಬೇಡಿ ಅಂತ ನಾನು ಹೇಳುವುದಿಲ್ಲ, ಎಷ್ಟೋ ಮನೆಯಲ್ಲಿ ಅದರಿಂದಲೇ ಕಿರಾಣಿ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, 500 ರೂಪಾಯಿಯಾದರೂ ಆ ಖಾತೆಯಲ್ಲೇ ಬಿಡಿ. ಮತ್ತೆ ಎಟಿಎಂ ಪಿನ್ ನಿಮ್ಮ ತಲೆಯಲ್ಲಿರಲಿ, ಮಗನ ತಲೆಯಲ್ಲಲ್ಲ.

ಚೀಟಿ, ಸೊಸೈಟಿ ಠೇವಣಿ ಭದ್ರವೇ?

ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಬಡ್ಡಿ ಸೇರಿ. 2020ರ ಫೆಬ್ರವರಿಯಿಂದ ಈ ಮಿತಿ. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಬರುತ್ತವೆ. ನಾವು ಸೊಸೈಟಿ ಅನ್ನುವ ಪತ್ತಿನ ಸಹಕಾರ ಸಂಘಗಳು ಬರುವುದಿಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಹಾಗೇ ಇರುತ್ತದೆ, ವಿಮೆ ಮಾತ್ರ ಇಲ್ಲ. ಜಾಸ್ತಿ ಬಡ್ಡಿ ಕೊಡುತ್ತಾರೆ ಅಂತ ಮಗಳ ಮದುವೆಯ ರೊಕ್ಕವೆಲ್ಲ ಅಲ್ಲೇ ಇಡಬೇಡಿ. ಚೀಟಿಯಲ್ಲಿ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆದದ್ದು ಒಂದು, ಓಣಿಯಲ್ಲಿ ನಂಬಿಕೆಯ ಮೇಲೆ ನಡೆಯುವುದು ಇನ್ನೊಂದು. ಎರಡನೆಯದರಲ್ಲಿ ಕೈಕೊಟ್ಟರೆ ಓಡಾಟ ನಿಮ್ಮದೇ.

ಬ್ಯಾಂಕಿಗೆ ಹೋದರೆ ಕೈ ನಡುಗುತ್ತದೆ. ಇಂಗ್ಲಿಷ್ ಬರುವುದಿಲ್ಲ.

ಕನ್ನಡದ ಫಾರಂ ಕೇಳಿ, ಇರಲೇಬೇಕು. ಗ್ರಾಹಕರ ಫಾರಂಗಳು ಹಿಂದಿ, ಇಂಗ್ಲಿಷ್ ಮತ್ತು ಆ ರಾಜ್ಯದ ಭಾಷೆ ಮೂರರಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಮೊದಲ ಸಲ ಕೆಲಸವಿಲ್ಲದೆ ಹೋಗಿ ಬನ್ನಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಮನೆಗೆ ತಂದು, ಸಾಲು ಸಾಲಾಗಿ ನೋಡಿ.

ಹಾಗೆ ನೋಡಿದ ಒಬ್ಬಾಕೆ ಸಭೆಗೆ ಓಡಿ ಬಂದಳು. "ಅಕ್ಕಾ, ಬ್ಯಾಂಕಿನವ್ರು ನನ್ನ 436 ರೂಪಾಯಿ ನುಂಗ್ಯಾರ!" ನೋಡಿದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಕೆಳಗಿನ 20 ರೂಪಾಯಿ ಸುರಕ್ಷಾ ಬಿಮಾದ್ದು. ಮೊದಲನೆಯದು ಯಾವ ಕಾರಣಕ್ಕೆ ತೀರಿಕೊಂಡರೂ ಮನೆಯವರಿಗೆ 2 ಲಕ್ಷ, ಎರಡನೆಯದು ಅಪಘಾತದಲ್ಲಿ ಸತ್ತರೆ 2 ಲಕ್ಷ. ಯಾವಾಗಲೋ ಫಾರಂಗೆ ಸಹಿ ಹಾಕಿದ್ದಳು, ನೆನಪಿರಲಿಲ್ಲ. ಆಕೆಗೇ ನೆನಪಿಲ್ಲದ ವಿಮೆ ಆಕೆ ಹೋದ ಮೇಲೆ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಪಾಸ್‌ಬುಕ್ಕಿನಲ್ಲಿ ಈ ಎರಡು ಅಂಕಿ ಇದೆಯಾ ನೋಡಿ, ಇದ್ದರೆ ಇವತ್ತೇ ಮನೆಯಲ್ಲಿ ಹೇಳಿ. ನಾಮಿನಿ ಯಾರು ಅಂತಲೂ ಕೇಳಿ. ಮದುವೆಗೆ ಮುಂಚೆ ತೆಗೆದ ಖಾತೆಯಲ್ಲಿ ತೀರಿಹೋದ ಅಪ್ಪನ ಹೆಸರೇ ಉಳಿದಿರುವುದು ಬಹಳ ಸಲ ನೋಡಿದ್ದೇನೆ.

ಮಗ ಬೆಂಗಳೂರಿನಲ್ಲಿದ್ದಾನೆ. ಎಷ್ಟು ಗಳಿಸುತ್ತಾನೆ ಅಂತ ಕೇಳಲು ಸಂಕೋಚ.

ಯಾದಗಿರಿ ಕಡೆಯಿಂದ ಬೆಂಗಳೂರು, ಪುಣೆ, ಮುಂಬೈಗೆ ಕೆಲಸಕ್ಕೆ ಹೋದವರ ಮನೆಯಲ್ಲೆಲ್ಲ ಇದೇ. ಅವನು ಅಲ್ಲಿ "ಆರಾಮ ಇದ್ದೀನಿ" ಅನ್ನುತ್ತಾನೆ, ಇವರು ಇಲ್ಲಿ "ನಾವೂ ಆರಾಮ" ಅನ್ನುತ್ತಾರೆ. ಇಬ್ಬರೂ ಸಾಲದಲ್ಲಿ. ಗಳಿಕೆ ಕೇಳಬೇಡಿ. ರೂಮ್ ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು ಅಂತ ಕೇಳಿ, ಅದಕ್ಕೆ ಮಕ್ಕಳು ಸಲೀಸಾಗಿ ಉತ್ತರ ಕೊಡುತ್ತಾರೆ. ಇಲ್ಲಿಯ ಖರ್ಚೂ ಹೇಳಿ. ಕಳಿಸುವ ಮೊತ್ತ ಕಡಿಮೆಯಾದರೂ ಅಡ್ಡಿಯಿಲ್ಲ, ತಿಂಗಳ ತಾರೀಖು ಒಂದೇ ಇರಲಿ ಅಂತ ಗೊತ್ತು ಮಾಡಿಕೊಳ್ಳಿ.

ಮಕ್ಕಳಿಗೆ ಮನೆಯ ಕಷ್ಟ ಹೇಳಬೇಕಾ?

ಕಷ್ಟ ಬೇಡ, ಲೆಕ್ಕ ಹೇಳಿ. ಜಾತ್ರೆಗೆ ಹೋಗುವ ಮುಂಚೆ ಕೈಗೆ ನೂರು ರೂಪಾಯಿ ಕೊಟ್ಟು "ಇಷ್ಟೇ, ನೀನೇ ನೋಡ್ಕೊ" ಅನ್ನಿ. ನನ್ನ ಮಗ ಮೊದಲ ವರ್ಷ ಮೊದಲ ಅಂಗಡಿಯಲ್ಲೇ ಎಲ್ಲ ಕೊಟ್ಟು ಒಂದು ಸೀಟಿ, ಒಂದು ಬಂದೂಕು ತಂದ. ತೊಟ್ಟಿಲ ಮುಂದೆ ನಿಂತು ಅತ್ತ. ನಾನೂ ಗಟ್ಟಿ ಮನಸ್ಸು ಮಾಡಿ ಕೊಡಲಿಲ್ಲ. ಮುಂದಿನ ವರ್ಷ ಜಾತ್ರೆಯನ್ನು ಪೂರ್ತಿ ಒಂದು ಸುತ್ತು ಹಾಕಿ, ಆಮೇಲೆ ಜೇಬಿಗೆ ಕೈ ಹಾಕಿದ.

ಫೋನಿನಲ್ಲಿ ಮೋಸ ಹೋದೆ. ಹೇಳಲು ನಾಚಿಕೆ.

ನಾಚಿಕೆ ಆಮೇಲೆ. ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ರೊಕ್ಕ ತಡೆಯುವ ಸಾಧ್ಯತೆ ಜಾಸ್ತಿ. ರೊಕ್ಕ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ ಅನ್ನುವುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ಉಳಿಸಲು ಏನೂ ಉಳಿಯುವುದೇ ಇಲ್ಲ.

ಹಾಗಾದರೆ ಸದ್ಯ ಉಳಿಸಬೇಡಿ. ನೂರಕ್ಕೆ ಮೂರರ ಸಾಲ ಇಟ್ಟುಕೊಂಡು ಡಬ್ಬಿಯಲ್ಲಿ ರೊಕ್ಕ ಕೂಡಿಡುವುದು ಲೆಕ್ಕಕ್ಕೆ ಸರಿಬರುವುದಿಲ್ಲ. ಕಾಯಿಲೆ ಕಸಾಲೆಗೆ ಅಂತ ಎರಡು ಮೂರು ಸಾವಿರ ಕೈಯಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಜಾಸ್ತಿ ಬಡ್ಡಿಯ ಸಾಲಕ್ಕೆ ಕಟ್ಟಿ.

ಗಂಡ ಮಾತಿಗೇ ಬರುವುದಿಲ್ಲ. ಕೇಳಿದರೆ ಕೈ ಎತ್ತುತ್ತಾರೆ.

ಕೈ ಎತ್ತುವ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಹೇಳಿ ಅನ್ನುವ ನನ್ನ ಮಾತು ನಡೆಯುವುದಿಲ್ಲ. ಹಟ ಮಾಡಬೇಡಿ. ಮಹಿಳಾ ಸಹಾಯವಾಣಿ 181 ಇದೆ, ತವರಿನವರು, ಸಂಘದವರು ಇದ್ದಾರೆ. ಅಲ್ಲಿಯವರೆಗೆ ಗಂಡನನ್ನು ಕೇಳದೆಯೂ ನೀವು ತಿಳಿದುಕೊಳ್ಳಬಹುದಾದದ್ದು ಇದೆ. ಹೊಲದ ಪಹಣಿ ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲ ಎಷ್ಟಿದೆ ಅಂತ ನಾಡಕಚೇರಿಯಲ್ಲಿ ಪಹಣಿ ತೆಗೆಸಿದರೆ ಕಾಣುತ್ತದೆ. ನಿಮ್ಮ ಹೆಸರಿನಲ್ಲಿ ಎಲ್ಲೆಲ್ಲಿ ಸಾಲ ಇದೆ ಅನ್ನುವುದು ಸಿಬಿಲ್ ವರದಿಯಲ್ಲಿ, ಅಂದರೆ ನಿಮ್ಮ ಸಾಲಗಳ ದಾಖಲೆಯಲ್ಲಿ ಬರುತ್ತದೆ. ವರ್ಷಕ್ಕೊಮ್ಮೆ ಪುಕ್ಕಟೆ, ನೋಡಿದ್ದಕ್ಕೆ ನಿಮ್ಮ ಸಿಬಿಲ್ ಅಂಕ ಕಡಿಮೆಯಾಗುವುದಿಲ್ಲ. ಮೊಬೈಲಿನಲ್ಲಿ ತೆಗೆಯಲು ಬರದಿದ್ದರೆ ಸಭೆ ಮುಗಿದ ಮೇಲೆ ಉಳಿಯಿರಿ. ಪಾನ್ ಕಾರ್ಡ್ ತನ್ನಿ, ಓಟಿಪಿ ಬರುವ ಫೋನೂ ತನ್ನಿ.